ಹೆಪ್ಪು ಹಾಕಿದರೆ ಸಾಲದು, ಮುಚ್ಚಳ ತೆಗೆದು ನೋಡಬೇಕು

ಸೊಕ್ಕೆ ಹಳ್ಳಿಯ ಲಕ್ಷ್ಮಕ್ಕನ ಮೊಸರೆಂದರೆ ಜಗಳೂರಿನ ಹೋಟೆಲಿನವರಿಗೂ ಗೊತ್ತು, ಅಷ್ಟು ಗಟ್ಟಿ. ಅವಳ ಗಂಡ ಚಿತ್ತಪ್ಪನ ಬಾಯಿ ಅದಕ್ಕಿಂತ ಗಟ್ಟಿ. ಕಿಡ್ನಿ ಕೈಕೊಟ್ಟು, ವಾರಕ್ಕೆರಡು ಸಲ ಜಗಳೂರಿನ ಬಸ್ಸು ಹತ್ತಿ ಡಯಾಲಿಸಿಸ್‌ಗೆ ಹೋಗುವಂತಾದರೂ ಆ ಬಾಯಿ ಮಾತ್ರ ಸೊರಗಿರಲಿಲ್ಲ.

ಡಯಾಲಿಸಿಸ್ ಕೇಂದ್ರದಲ್ಲಿ ಅವನಿಗೆ ಹೆಪಟೈಟಿಸ್ ಬಿ ಲಸಿಕೆ ಹಾಕಿದ್ದರು. ಹೆಪಟೈಟಿಸ್ ಬಿ ಎಂದರೆ ರಕ್ತದಿಂದ ಹರಡಿ ಲಿವರ್ ಕೆಡಿಸುವ ಕಾಮಾಲೆ. ಮೈಯ ರಕ್ತ ಮೆಷಿನ್ ಸುತ್ತಿ ಬರುವವರು ಇನ್ನೂ ಹುಷಾರಾಗಿರಬೇಕು. ಹಾಗಾಗಿ ಬೇರೆಯವರಿಗಿಂತ ಇಮ್ಮಡಿ ಪ್ರಮಾಣ, ಅದೂ ನಾಲ್ಕು ಸಲ. ಅಷ್ಟೇ ಸಾಕಾಯಿತು ಚಿತ್ತಪ್ಪನಿಗೆ. ಚಹಾದಂಗಡಿಯಲ್ಲಿ ಕೂತು ತೋಳು ತೋರಿಸಿ ಬೀಗುತ್ತಿದ್ದ.

“ನಿಮಗೆಲ್ಲ ಒಂದು ಪಾಲು, ನನಗೆ ಎರಡು ಪಾಲು! ಕಾಮಾಲೆ ಇನ್ನು ನನ್ನ ಹತ್ರ ಸುಳಿಯಲ್ಲ.”

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ್ದ, ಪಾಪ.

ಕೊನೆಯ ಡೋಸ್ ಆಗಿ ತಿಂಗಳು ದಾಟಿದ ಮೇಲೆ ನರ್ಸ್ ಸಂಧ್ಯಾರಾಣಿ, ಲಸಿಕೆ ಕೆಲಸ ಮಾಡಿದೆಯೇ ಎಂದು ನೋಡಲು ರಕ್ತ ಪರೀಕ್ಷೆ ಮಾಡಿಸಬೇಕೆಂದಳು.

“ಇರೋ ರಕ್ತಾನೇ ಕಮ್ಮಿ. ಅದರಾಗೂ ತೆಗೀತೀರಾ?” ಎಂದು ಚಿತ್ತಪ್ಪ ಮುಖ ತಿರುಗಿಸಿದ.

“ಒಂದು ಚಮಚದಷ್ಟು ರಕ್ತಕ್ಕೆ ಇಷ್ಟು ರಂಪ ಮಾಡ್ತೀರಲ್ರೀ,” ಎಂದು ಲಕ್ಷ್ಮಕ್ಕ ಗದರಿದ ಮೇಲೆ ಕೈ ಚಾಚಿದ.

ಫಲಿತಾಂಶ ಬಂದಾಗ ಅವನ ಮುಖ ಹುಳ್ಳಗಾಯಿತು. ರಕ್ತದಲ್ಲಿ ರಕ್ಷಣೆಯ ಮಟ್ಟ ಹತ್ತಾದರೂ ಇರಬೇಕಾದಲ್ಲಿ ಮೂರು ಇತ್ತು.

“ಲಸಿಕೆ ಹಾಕೀವಿ, ಆದ್ರೆ ಮೈಯಲ್ಲಿ ಸಾಕಷ್ಟು ರಕ್ಷಣೆ ಬಂದಿಲ್ಲ,” ಎಂದಳು ಸಂಧ್ಯಾರಾಣಿ. “ಕಿಡ್ನಿ ಸೋತಾಗ ರೋಗದ ಜೊತೆ ಹೊಡೆದಾಡೋ ಶಕ್ತಿನೂ ಸೊರಗ್ತೈತೆ. ಕೆಲವರಿಗೆ ಎರಡು ಪಾಲೂ ಸಾಲಲ್ಲ. ಇನ್ನೊಂದು ಸುತ್ತು ಹಾಕ್ಲೇಬೇಕು, ಯಜಮಾನ್ರೇ.”

“ಔಷಧಾನೇ ಸುಳ್ಳು! ನನ್ನ ತೋಳೇನು ಜರಡಿನಾ, ಚುಚ್ಚಿದ್ದೇ ಚುಚ್ಚಾಕೆ? ಬ್ಯಾಡ.”

ಹೊರಡುವಾಗ ಸಂಧ್ಯಾರಾಣಿ ಲಕ್ಷ್ಮಕ್ಕನನ್ನು ಬಾಗಿಲ ಬಳಿ ನಿಲ್ಲಿಸಿದಳು. “ಈ ಕಾಮಾಲೆ ಅಂಟಿದ್ರೆ ಲಿವರಿಗೂ ಪೆಟ್ಟು. ಡಯಾಲಿಸಿಸ್‌ಗೂ ಬೇರೆ ಮೆಷಿನ್ನೇ ಬೇಕಾಗ್ತೈತೆ ಅಕ್ಕಾ. ಅದು ಎಲ್ಲಿ ಸಿಗ್ತೈತೋ ಅಲ್ಲಿಗೆ ಹೋಗ್ಬೇಕು.”

ಬಸ್ಸಿನಲ್ಲಿ ಚಿತ್ತಪ್ಪ ಅವಳ ಹೆಗಲಿಗೊರಗಿ ನಿದ್ದೆಹೋದ. ಜಗಳೂರಿಂದ ಬರುವಷ್ಟರಲ್ಲೇ ಹಿಂಗೆ ಸೋಲುವ ಮನುಷ್ಯ, ಇನ್ನೂ ದೂರ ಹೋಗಬೇಕಾದರೆ? ಅದರ ಮೇಲೆ ಲಿವರೂ ಕೆಟ್ಟರೆ? ಲಕ್ಷ್ಮಕ್ಕ ಅವನ ತಲೆ ಜಾರದಂತೆ ಕೈಯಾನಿಸಿ ಕೂತಳು.

ಪುಷ್ಯದ ಚಳಿ. ಮರುದಿನ ಬೆಳಿಗ್ಗೆ ಮೊಸರಿನ ಪಾತ್ರೆಯ ಮುಚ್ಚಳ ತೆಗೆದರೆ ಹಾಲು ಹಾಲಾಗಿಯೇ ಇತ್ತು.

“ಏನಾತು?” ಎಂದ ಚಿತ್ತಪ್ಪ.

“ಚಳಿಗೆ ಹೆಪ್ಪು ಹಿಡಿದಿಲ್ಲ ನೋಡ್ರೀ.”

“ಚೆಲ್ತೀಯಾ ಮತ್ತೆ?”

“ಚೆಲ್ಲೋದ್ಯಾಕೆ? ಉಗುರುಬೆಚ್ಚಗೆ ಮಾಡಿ ಇನ್ನೊಂದಿಷ್ಟು ಹೆಪ್ಪು ಹಾಕಿದ್ರೆ...” ಎನ್ನುತ್ತಿದ್ದವಳು ಸೌಟು ಹಿಡಿದುಕೊಂಡೇ ನಿಂತುಬಿಟ್ಟಳು.

“ರೀ, ನಿಮ್ಮ ಮೈನೂ ಈಗ ಚಳಿಗಾಲದ ಹಾಲೇ. ಒಂದು ಸಲ ಹಿಡೀಲಿಲ್ಲ ಅಂತ ಹೆಪ್ಪನ್ನ ಬೈದ್ರೆ ಹೆಂಗೆ? ಮುಚ್ಚಳ ತೆಗೆದು ನೋಡಿದ್ದಕ್ಕೆ ಗೊತ್ತಾತು. ನೋಡದೆ ಹೋಟೆಲಿಗೆ ಕೊಟ್ಟಿದ್ರೆ ನನ್ನ ಮಾನ ಹೋಗ್ತಿತ್ತು. ನಿಮ್ಮದು ಮಾನದ ಮಾತಲ್ಲ, ಜೀವದ್ದು. ನನಗೆ ನೀವು ಬೇಕು.”

ಹಾಗೆ ನೇರವಾಗಿ ಅವಳು ಎಂದೂ ಹೇಳಿದವಳಲ್ಲ. ಚಿತ್ತಪ್ಪ ತಲೆ ತಗ್ಗಿಸಿದ.

“ಎರಡನೇ ಸಲನೂ ಹಿಡೀದಿದ್ರೆ?”

ಅದು ಲಕ್ಷ್ಮಕ್ಕನಿಗೂ ಗೊತ್ತಿರಲಿಲ್ಲ. ಮುಂದಿನ ಸಲ ಹೋದಾಗ ಸಂಧ್ಯಾರಾಣಿಯನ್ನೇ ಕೇಳಿದಳು.

“ಕೆಲವರಿಗೆ ಹಿಡಿಯಲ್ಲ, ಸುಳ್ಳು ಹೇಳಲ್ಲ. ಆದ್ರೆ ಹಿಡಿದಿಲ್ಲ ಅಂತ ಗೊತ್ತಿದ್ರೆ ಇನ್ನೂ ಹುಷಾರಾಗಿ ನೋಡ್ಕೋತೀವಿ. ಗೊತ್ತಿಲ್ಲದೆ ಎದೆ ಉಬ್ಬಿಸಿ ತಿರುಗೋದೇ ಅಪಾಯ.”

ಲಕ್ಷ್ಮಕ್ಕನಿಗೆ ನಗು ತಡೆಯಲಾಗಲಿಲ್ಲ. ಚಿತ್ತಪ್ಪ ಫ್ಯಾನ್ ನೋಡುತ್ತ ತೋಳು ಚಾಚಿದ.

ಮತ್ತೊಂದು ಸುತ್ತು ಮುಗಿದು, ದಸರಾ ಹೊತ್ತಿಗೆ ಮತ್ತೆ ಪರೀಕ್ಷೆಯಾಯಿತು. ಈ ಸಲ ಹತ್ತನ್ನು ಚೆನ್ನಾಗಿಯೇ ದಾಟಿತ್ತು. ಲಕ್ಷ್ಮಕ್ಕನ ಕಣ್ಣು ತುಂಬಿ ಬಂತು.

“ಇದು ಇಳಿಯೋದೂ ಉಂಟು. ವರ್ಷಕ್ಕೊಮ್ಮೆ ನೋಡೋಣ. ಇಳಿದಿದ್ರೆ ಇನ್ನೊಂದು ಡೋಸ್,” ಎಂದಳು ಸಂಧ್ಯಾರಾಣಿ.

“ನಾಳಿನ ಮೊಸರಿಗೆ ಇವತ್ತು ಹೆಪ್ಪು ಎತ್ತಿಡೋದಿಲ್ವಾ, ಹಂಗೇ ಬಿಡ್ರಿ,” ಎಂದ ಚಿತ್ತಪ್ಪ, ಎಲ್ಲ ತನಗೆ ಮೊದಲೇ ಗೊತ್ತಿದ್ದವನ ಹಾಗೆ.

ಪಕ್ಕದ ಹಾಸಿಗೆಯ ಭೀಮೇಶ್ ಆಗಷ್ಟೇ ಲಸಿಕೆ ಹಾಕಿಸಿಕೊಂಡು ತೋಳು ಉಜ್ಜಿಕೊಳ್ಳುತ್ತ, “ನಂದೂ ನಾಲ್ಕು ಮುಗೀತು. ಇನ್ನು ಕಾಮಾಲೆ ಚಿಂತೆ ಇಲ್ಲ,” ಎಂದ.

ಚಿತ್ತಪ್ಪ ದಿಂಬಿನಿಂದ ತಲೆ ಎತ್ತಿದ. “ತಮ್ಮಾ, ತಿಂಗಳು ಬಿಟ್ಟು ಮುಚ್ಚಳ ತೆಗೆದು ನೋಡು. ಆಮೇಲೆ ಚಹಾದಂಗಡಿಗೆ ಹೋಗು.”

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ಡಯಾಲಿಸಿಸ್ ಮಾಡಿಸಿಕೊಳ್ಳುವವರು ಇದ್ದಾರೆಯೇ? ಲಸಿಕೆಯ ಎಲ್ಲ ಡೋಸ್ ಆಗಿದೆಯೇ, ಆಮೇಲೆ ರಕ್ತ ಪರೀಕ್ಷೆ ಮಾಡಿದ್ದಾರೆಯೇ ಎಂದು ಮುಂದಿನ ಸಲ ಹೋದಾಗ ಕೇಳಿ. ರಕ್ಷಣೆ ಬಂದಿಲ್ಲವೆಂದರೆ ಲಸಿಕೆಯನ್ನು ಬೈಯಬೇಡಿ, ಬೇಸತ್ತು ಬಿಡಲೂಬೇಡಿ. ಫ್ಲೂ ಮತ್ತಿತರ ಲಸಿಕೆಗಳ ಬಗ್ಗೆಯೂ ವೈದ್ಯರನ್ನೇ ಕೇಳಿ. ನಿಮ್ಮವರು ನಿಮಗೆ ಬೇಕು ತಾನೇ? ಹಾಗಾದರೆ ಮುಚ್ಚಳ ತೆಗೆದು ನೋಡಿ.