ಮೇಲಿನ ಎಕರೆಯ ಬೆಳೆ

ಕಂದಾಯ ಇಲಾಖೆಯ ಶೇಕ್ದಾರ್ ಓಂಕಾರಪ್ಪನಿಗೆ ಮಣ್ಣಿನ ವಿಷಯದಲ್ಲಿ ಜಂಬ ಜಾಸ್ತಿ. ಹುಟ್ಟಿದ್ದು ಚನ್ನಗಿರಿ ಸೀಮೆಯಲ್ಲಿ, ಸೂಳೆಕೆರೆಯ ನಾಲೆ ಹರಿಯುವ ಊರಿನಲ್ಲಿ. ಮಳೆಗಾಲದಲ್ಲಿ ಅಲ್ಲಿನ ಎರೆ ಹೊಲಕ್ಕೆ ಇಳಿದರೆ ಕಾಲು ಮೇಲೆ ಬರುತ್ತಿತ್ತು, ಚಪ್ಪಲಿ ಅಲ್ಲೇ ಉಳಿಯುತ್ತಿತ್ತು. "ಮುಷ್ಟಿಯಾಗೆ ಹಿಡಿದ್ರೆ ಉಂಡೆ ಆಗ್ಬೇಕು, ಆಗದಿದ್ರೆ ಅದು ಮಣ್ಣೇ ಅಲ್ಲ" ಎಂದು ಅವನಪ್ಪ ಹೇಳಿದ್ದೇ ಅವನಿಗೆ ವೇದವಾಕ್ಯ. ಅಂಥವನನ್ನು ಸರ್ಕಾರ ಜಗಳೂರಿಗೆ ವರ್ಗ ಮಾಡಿತ್ತು. ಬಂದು ಮೂರು ತಿಂಗಳಾಯಿತು. ಎಲ್ಲಿ ಮುಷ್ಟಿ ಹಿಡಿದರೂ ಅಂಗೈಗೆ ಗರಸು ಒತ್ತಿತೇ ಹೊರತು ಉಂಡೆಯಾಗಲಿಲ್ಲ.

ಅದು ೧೯೪೪ನೇ ಇಸವಿ. ಯುದ್ಧದ ಕಾಲ, ಗೇಣು ನೆಲವನ್ನೂ ಬೀಳು ಬಿಡಬೇಡಿ ಎಂದು ಸರ್ಕಾರ ಸಾರುತ್ತಿತ್ತು. ಸೊಕ್ಕೆಯ ಬಳಿಯ ಗುಡ್ಡದ ಇಳಿಜಾರಿನಲ್ಲಿ ಉಚ್ಚಂಗಮ್ಮ ಎಂಬ ಒಂಟಿ ಹೆಂಗಸಿಗೆ ಏಳು ವರ್ಷದ ಹಿಂದೆ ಮೂರು ಎಕರೆ ಸಾಗುವಳಿಗೆ ಸಿಕ್ಕಿತ್ತು. ಮೂರನ್ನೂ ಸಾಗು ಮಾಡಿದ್ದರೆ ನೆಲ ಅವಳ ಹೆಸರಿಗೆ ಖಾಯಂ, ಇಲ್ಲದಿದ್ದರೆ ವಾಪಸು. ಅವಳು ಉತ್ತಿದ್ದು ಕೆಳಗಿನ ಎರಡೇ ಎಕರೆ. ಮೇಲಿನದರಲ್ಲಿ ಕಮರ, ಕಗ್ಗಲಿ, ಬಂದರಿಕೆ ಮರಗಿಡಗಳು ಇದ್ದ ಹಾಗೇ ನಿಂತಿದ್ದವು. ನೋಡಿ ವರದಿ ಬರೆಯುವ ಕೆಲಸ ಓಂಕಾರಪ್ಪನ ತಲೆಗೆ ಬಿತ್ತು.

"ಏನಮ್ಮಾ, ಮೇಲಿನ ಎಕರೆ ಯಾಕೆ ಕಡಿದಿಲ್ಲ? ಮೈಗಳ್ಳತನಾನಾ?" ಎಂದ.

ಉಚ್ಚಂಗಮ್ಮ ಕಲ್ಲೊಂದನ್ನು ಒಡ್ಡಿನ ಮೇಲೆ ಕೂರಿಸಿ, ಸೆರಗಿನಲ್ಲಿ ಕೈ ಒರೆಸಿಕೊಂಡಳು. ಇಳಿಜಾರಿಗೆ ಅಡ್ಡಲಾಗಿ ಅಂಥ ಏಳು ಒಡ್ಡುಗಳಿದ್ದವು. ವರ್ಷಕ್ಕೊಂದರಂತೆ, ಒಂದೊಂದು ಕಲ್ಲನ್ನೂ ತಾನೇ ಹೊತ್ತು ಕಟ್ಟಿದ್ದಳು. ಇವಳನ್ನು ಮೈಗಳ್ಳಿ ಎಂದ ನಾಲಿಗೆಗೆ ನಾಚಿಕೆಯಾಗಬೇಕು.

"ಗುಡ್ಡ ಬೋಳಾದ್ರೆ ಹೊಲ ಗೋಳು, ಸ್ವಾಮಿ. ಆ ಮರ ಮಳೆನೀರಿನ ಕಾಲು ಕಟ್ಟತಾವೆ. ಅವನ್ನ ಕಡಿದ್ರೆ ಈ ಎರಡು ಎಕರೆನೂ ಹಳ್ಳಕ್ಕೆ ಹೋಗತೈತೆ."

"ಕಾಯಿದೆಗೆ ಆ ಮಾತೆಲ್ಲ ತಿಳಿಯಂಗಿಲ್ಲಮ್ಮ. ಬೆಳೆ ಇರಬೇಕು, ಅಷ್ಟೇ."

"ಹಂಗಾದ್ರೆ ಕೂತ್ಕಳ್ರಿ. ಮೋಡ ಐತೆ. ಮಳೆ ನೋಡ್ಕೊಂಡು ಬರೀರಿ."

ಬೈಯಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ದಪ್ಪ ಹನಿ ಬಿತ್ತು. ಓಂಕಾರಪ್ಪ ಅವಳ ಗುಡಿಸಲಿಗೆ ಓಡಿದ. ಜಗಳೂರಿನ ಮಳೆ ಬರುವುದೇ ಅಪರೂಪ, ಬಂದರೆ ದೆವ್ವ ಬಡಿದಂತೆ. ಅರ್ಧ ಗಂಟೆ ಹೊಯ್ದು ನಿಂತಿತು.

ಹೊರಗೆ ಬಂದರೆ ಪಕ್ಕದ ಮೂಕಪ್ಪನ ಹೊಲದಿಂದ ಕೆಂಪು ನೀರು ಧೋ ಎಂದು ಧುಮುಕುತ್ತಿತ್ತು. ಮೂಕಪ್ಪ ಮೂರು ವರ್ಷದ ಹಿಂದೆ ಗುಡ್ಡದ ನೆತ್ತಿಯವರೆಗೂ ಕಡಿದು ಉತ್ತು, ಸರ್ಕಾರದಿಂದ ಶಹಬ್ಬಾಸ್ ಎನ್ನಿಸಿಕೊಂಡವನು. ಮೊದಲ ವರ್ಷ ಸಜ್ಜೆ ಆಳೆತ್ತರ ಬಂದಿತ್ತು. ಈಗ ಅಲ್ಲಿ ಮಣ್ಣಿಗಿಂತ ಕಲ್ಲೇ ಹೆಚ್ಚು. ಅವನು ಮಂಡಿಯವರೆಗೆ ಕೆಸರಿನಲ್ಲಿ ನಿಂತು, ತನ್ನ ಹೊಲ ಹರಿದುಹೋಗುವುದನ್ನು ಸುಮ್ಮನೆ ನೋಡುತ್ತಿದ್ದ.

ಉಚ್ಚಂಗಮ್ಮನ ಹೊಲದಲ್ಲಿ ಸದ್ದೇ ಇರಲಿಲ್ಲ. ಮರಗಳ ಬುಡದಿಂದ ಬಂದ ನೀರು ಒಂದು ಒಡ್ಡಿನ ಹಿಂದೆ ತಂಗಿ, ಕಲ್ಲುಸಂದಿಯಲ್ಲಿ ಜಿನುಗಿ ಇನ್ನೊಂದಕ್ಕೆ ಇಳಿಯುತ್ತಿತ್ತು. ಕೊನೆಯ ಒಡ್ಡಿನಿಂದ ಹೊರಬಿದ್ದ ನೀರಿನಲ್ಲಿ ಓಂಕಾರಪ್ಪನಿಗೆ ತನ್ನ ಕಾಲುಬೆರಳುಗಳು ಕಾಣಿಸಿದವು.

ಅವನು ಬಗ್ಗಿ, ಒಡ್ಡಿನ ಹಿಂದಿನಿಂದ ಒಂದು ಮುಷ್ಟಿ ಮಣ್ಣು ತೆಗೆದು ಹಿಸುಕಿದ. ಕೈ ಬಿಚ್ಚಿದ. ಉಂಡೆ! ಕೊಳೆತ ಎಲೆ ಬೆರೆತ ಕಂದು ಉಂಡೆ, ಅವನ ಐದೂ ಬೆರಳಿನ ಅಚ್ಚು ಹೊತ್ತು ಕೂತಿತ್ತು. ಅವನ ಊರಿನ ಮಣ್ಣು ಅನಾದಿಯಿಂದ ಇದ್ದದ್ದು. ಇದನ್ನು ಒಬ್ಬ ಹೆಂಗಸು ಗರಸಿನ ಮೇಲೆ ಏಳು ವರ್ಷದಲ್ಲಿ ಕೂಡಿಸಿದ್ದಳು. ಓಂಕಾರಪ್ಪ ಉಂಡೆಯನ್ನು ಎಲೆಯಲ್ಲಿ ಸುತ್ತಿ ಜೇಬಿಗೆ ಇಳಿಸಿದ.

"ಮೇಲಿನ ಎಕರೆಯಾಗೆ ಏನು ಬೆಳೆ ಅಂತ ಬರೀಲಮ್ಮ?" ಎಂದ ಮೆತ್ತಗೆ.

"ಕಣ್ಣಿಲ್ವೇನ್ರೀ? ಮಣ್ಣು ಬೆಳೀತಿಲ್ವಾ ಅಲ್ಲಿ?"

ಓಂಕಾರಪ್ಪ ಹಾಗೇ ಬರೆದ. ಮೇಲಿನ ಎಕರೆ, ಬೆಳೆ: ಮಣ್ಣು.

ಮಾರನೆಯ ದಿನ ಅಮಲ್ದಾರರು ಕನ್ನಡಕ ತೆಗೆದು ಕೆಂಡವಾದರು. "ಮಣ್ಣು ಬೆಳೆ ಏನ್ರೀ? ತಲೆ ನೆಟ್ಟಗೈತಾ?" ಓಂಕಾರಪ್ಪ ಜೇಬಿನಿಂದ ಉಂಡೆ ತೆಗೆದು ಮೇಜಿನ ಮೇಲಿಟ್ಟು, ಕಂಡದ್ದನ್ನೆಲ್ಲ ಹೇಳಿದ. ಅಮಲ್ದಾರರೂ ರೈತನ ಮಗನೇ. ಉಂಡೆಯನ್ನು ಬಹಳ ಹೊತ್ತು ತಿರುಗಿಸಿ ನೋಡಿದರು, ಮೂಸಿದರು, ರುಜು ಹಾಕಿದರು. ಉಂಡೆಯನ್ನು ಕಾಗದ ಹಾರದಂತೆ ಕಟ್ಟಿನ ಮೇಲೆ ಇಟ್ಟುಕೊಂಡರು.

ಖಾಯಂ ಹುಕುಂ ಹಿಡಿದು ಓಂಕಾರಪ್ಪ ಸೈಕಲ್ಲಿನಲ್ಲಿ ಗುಡ್ಡಕ್ಕೆ ಬಂದ. ಅವಳು ಅತ್ತಾಳು, ಕೈ ಮುಗಿದಾಳು ಎಂದುಕೊಂಡಿದ್ದ. ಉಚ್ಚಂಗಮ್ಮ ಕಾಗದವನ್ನು ಕಣ್ಣಿಗೊತ್ತಿಕೊಂಡು ಮಡಿಚಿ ಸೊಂಟಕ್ಕೆ ಸಿಕ್ಕಿಸಿದಳು. ಆಮೇಲೆ ಅವನ ಮುಂದೆ ಕೈ ಚಾಚಿದಳು.

"ಒಂದು ಮುಷ್ಟಿ ಮಣ್ಣು ಒಯ್ದಿದ್ರಲ್ಲ ಸ್ವಾಮಿ, ಅದೆಲ್ಲಿ?"

ಚಪ್ಪಲಿಗೆ ಮೆತ್ತಿದ ಎರೆಯನ್ನು ಜನ್ಮವಿಡೀ ಕಲ್ಲಿಗೆ ಕೆರೆದು ಎಸೆದಿದ್ದ ಓಂಕಾರಪ್ಪ ಸೈಕಲ್ ತಿರುಗಿಸಿ, ಆ ಉಂಡೆಯನ್ನು ತರಲು ಜಗಳೂರಿನ ದಾರಿ ಹಿಡಿದ.