ಕಿವಿ ಗುರುತು

ಜಗಲಿಯ ಮೂಲೆಯಲ್ಲಿ ಬೋರಲು ಹಾಕಿದ್ದ ಬಿದಿರಿನ ಮಕ್ಕರಿಯನ್ನು ಕೋಮಲಾ ಎತ್ತಿದಳು. ಬೇಸಿಗೆ ರಜೆಯಲ್ಲಿ ಅವಳು ಬಿಟ್ಟುಹೋಗಿದ್ದ ಆಟದ ಹಲಗೆ ಹಾಸಿದ ಹಾಗೇ ಇತ್ತು. ಅವಳಪ್ಪ ಜುಂಜೇಶನಿಗೆ ಒಳಗೊಳಗೇ ಹೆಮ್ಮೆ. ಹಟ್ಟಿಯ ಕೋಳಿಗಳಿಂದ, ಕುರಿಮರಿಗಳಿಂದ ಅದನ್ನು ಇಷ್ಟು ದಿನ ಕಾಯುವುದೇನು ಸಾಮಾನ್ಯವೆ?

ಅದು ರಟ್ಟಿನ ಪ್ರಾಣಿಗಳನ್ನು ಸಾಕುವ ಆಟ. ಲೋಕದಲ್ಲೆಲ್ಲೂ ಇಲ್ಲದ ಪ್ರಾಣಿಗಳು. ಮಗಳದ್ದು ಉದ್ದ ಕಿವಿಯ, ರೆಕ್ಕೆಯಿರುವ ಹಸಿರು ಮರಿ, ಹೆಸರು ಬುಳ್ಳಿ. ಅಪ್ಪನದ್ದು ಮೂರು ಕೊಂಬಿನ ಡುಮ್ಮ. ದಾಳ ಹಾಕಿ ಮೇವಿನ ಮನೆಗೆ, ನೀರಿನ ಮನೆಗೆ ನಡೆಸಬೇಕು. ಮೂರು ಸುತ್ತು ಉಪವಾಸ ಬಿದ್ದ ಪ್ರಾಣಿ ಕಾಡು ಸೇರುತ್ತದೆ, ಆಟ ಮುಗಿಯುತ್ತದೆ. ಕೋಮಲಾಳ ತಾಯಿ ಭಾಗ್ಯ ಗಂಡನನ್ನು ಬಿಟ್ಟು ತಿಪಟೂರಿನ ಅಣ್ಣನ ಮನೆ ಸೇರಿದ ಮೇಲೆ ಮಗಳು ರಜೆಗೆ ಮಾತ್ರ ಬರುತ್ತಿದ್ದಳು. ಕಳೆದ ಸಲ ಆಟ ಅರ್ಧಕ್ಕೇ ನಿಂತಾಗ, ತನ್ನದನ್ನೂ ನೋಡಿಕೊಂಡಿರು, ದಸರಾಕ್ಕೆ ಬಂದು ಮುಗಿಸುತ್ತೇನೆ ಎಂದು ಹೇಳಿ ಹೋಗಿದ್ದಳು.

ಆ ಮಾತನ್ನೇ ಜುಂಜೇಶ ಗಟ್ಟಿಯಾಗಿ ಹಿಡಿದುಕೊಂಡ. ಆಟ ಮುಗಿಯದಿದ್ದರೆ ಮಗಳು ಬರಲೇಬೇಕಲ್ಲ. ಸಂಜೆ ಕುರಿಗಳನ್ನು ರೊಪ್ಪಕ್ಕೆ ಕೂಡಿ ಬಂದು ಇಬ್ಬರ ಪರವಾಗಿಯೂ ತಾನೇ ದಾಳ ಹಾಕುತ್ತಿದ್ದ. ಬುಳ್ಳಿಗೆ ಮೇವು ಸಿಗದಿದ್ದರೆ ಇನ್ನೊಂದು ಸಲ, ಮತ್ತೊಂದು ಸಲ ಹಾಕುತ್ತಿದ್ದ. ಕೇಳುವವರು ಯಾರು? ಮನೆಯಲ್ಲಿ ಮಾತಿಗೆ ಇನ್ನೊಂದು ಜೀವವಿಲ್ಲದೆ ಬುಳ್ಳಿಯ ಜೊತೆಯೇ ಮಾತಾಡುವುದನ್ನೂ ಕಲಿತಿದ್ದ.

ಕೋಮಲಾ ಈ ಸಲ ಉಳಿಯಲು ಬಂದಿರಲಿಲ್ಲ. ಸೋದರಮಾವ ಬೈಕು ಆಫ್ ಮಾಡದೆ ಬೀದಿಯಲ್ಲೇ ಕಾಯುತ್ತಿದ್ದ. ಆಟ ಮಾವನ ಮಗಳು ಸೌಮ್ಯಳದ್ದಂತೆ, ವಾಪಸ್ ಕೇಳಿದ್ದಾಳಂತೆ. ರಜೆಯಲ್ಲಿ ಡ್ಯಾನ್ಸ್ ಕ್ಲಾಸ್ ಬೇರೆ ಇದೆಯಂತೆ. ಇಷ್ಟನ್ನೂ ಅವಳು ತಲೆ ತಗ್ಗಿಸಿಕೊಂಡೇ ಹೇಳಿದಳು. ಜುಂಜೇಶ ಹೂಂ ಎಂದ.

ಬುಳ್ಳಿಯನ್ನು ಎತ್ತಿಕೊಂಡ ಅವಳ ಕೈ ಹಾಗೇ ನಿಂತಿತು. ಎಡಗಿವಿಯ ತುದಿಯಲ್ಲಿ ಸಣ್ಣದೊಂದು ಕಚ್ಚು.

"ಇದ್ಯಾಕಪ್ಪ, ಕಿವಿ ಕುಯ್ದಿದೀಯ?"

ಆ ಮನೆಯ ಕುರಿಗಳಿಗೆಲ್ಲ ಅದೇ ಗುರುತು. ತೆಂಗಿನ ತೋಟಗಳಾಚೆಯ ಬೀಳಿನಲ್ಲಿ ನಾಲ್ಕಾರು ಮಂದೆ ಬೆರೆತರೂ ಎಡಗಿವಿ ನೋಡಿ ತಮ್ಮದನ್ನು ಹಿಡಿದು ತರಬಹುದು. ಹೊಸ ಮರಿಗಳಿಗೆ ಗುರುತು ಹಾಕಿದ ದಿನ ಅದೇ ಬ್ಲೇಡಿನಿಂದ ಬುಳ್ಳಿಗೂ ಹಾಕಿದ್ದ. ಅದು ಇನ್ನೊಬ್ಬರ ಸ್ವತ್ತಾಗಿರಬಹುದೆಂದು ಅವನಿಗೆ ಹೊಳೆದೇ ಇರಲಿಲ್ಲ.

"ತಪ್ಪಿಸ್ಕಂಡು ಹೋಗ್ದಿರ್ಲಿ ಅಂತ ಕಣವ್ವ," ಎಂದ.

ಕೋಮಲಾ ಬೇಜಾರು ಮಾಡಿಕೊಳ್ಳಲಿಲ್ಲ. ಹಲಗೆ ಮಡಚಿ, ದಾಳ, ಡುಮ್ಮ ಎಲ್ಲವನ್ನೂ ಡಬ್ಬಿಗೆ ತುಂಬಿದಳು. ಹೊರಗೆ ಹಾರನ್ ಆಯಿತು. ಬುಳ್ಳಿಯನ್ನು ಮಾತ್ರ ಅಪ್ಪನ ಕೈಗಿಟ್ಟಳು.

"ಸೌಮ್ಯ ನೋಡುದ್ರೆ ಬೈತಾಳೆ. ಕಳ್ದೋಯ್ತು ಅಂತೀನಿ ಬುಡು. ಗುರ್ತು ನಿಮ್ಮನೇದಲ್ವ, ನೀನೇ ಇಟ್ಕೊ."

ನಿಮ್ಮನೇದು. ಆ ಮಾತು ಜುಂಜೇಶನ ಎದೆಗೆ ಚುಚ್ಚಿತು. ಹೇಳಿದವಳಿಗೆ ಅದು ಗೊತ್ತೂ ಆಗಲಿಲ್ಲ. ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಬೈಕಿನ ಹಿಂದೆ ಕೂತು, ತಿರುವು ದಾಟುವವರೆಗೂ ಕೈ ಬೀಸಿದಳು.

ಸಂಜೆ ಕುರಿ ಕೂಡಿ ಬಂದವನು ಅಭ್ಯಾಸದಂತೆ ಜಗಲಿಯ ಮೂಲೆಗೆ ಹೋಗಿ ಕೂತ. ಹಲಗೆಯಿರಲಿಲ್ಲ, ದಾಳವಿರಲಿಲ್ಲ. ಬುಳ್ಳಿಗೆ ಹಸಿವಾಗಿದೆಯೋ ಇಲ್ಲವೋ ತಿಳಿಯುವ ದಾರಿಯೇ ಇರಲಿಲ್ಲ. ಅದನ್ನು ಬರಿ ನೆಲದ ಮೇಲೆ ನಿಲ್ಲಿಸಿ, ಮುಂದೆ ಒಂದು ಚಿಟಿಕೆ ರಾಗಿ ಹಾಕಿ, ಮಕ್ಕರಿಯನ್ನು ಬೋರಲು ಮುಚ್ಚಿದ.