ಕೋರ್ಟಿನ ಬೀರುವಿಗೆ ಕೊಟ್ಟ ಹೆಗಲು

ಏಳನೇ ಮಹಡಿಗೆ ನಾನು ಉಕ್ಕಿನ ಬೀರು ಹೊತ್ತದ್ದು ಒಂದೇ ಕೈಯಲ್ಲಿ. ಇನ್ನೊಂದು ಕೈಯಲ್ಲಿ ಕಾಫಿ ಲೋಟವಿತ್ತು, ಹನಿ ತುಳುಕಿರಲಿಲ್ಲ. ಮೇಲೆ ಹೋಗಿ ಬೀರುವಿನ ಬಾಗಿಲು ತೆಗೆದರೆ ಒಳಗೆ ಮನೆಯ ಯಜಮಾನರು ಗಡದ್ದಾಗಿ ನಿದ್ದೆ ಹೊಡೆಯುತ್ತಿದ್ದರು. ಲಿಫ್ಟು ಕೆಟ್ಟಿದೆ, ಮೆಟ್ಟಿಲು ಹತ್ತುವ ರಗಳೆ ಯಾಕೆ ಎಂದು ಕೆಳಗೇ ಒಳಸೇರಿಕೊಂಡಿದ್ದರಂತೆ. ಮನೆ ಸಾಮಾನು ಸಾಗಿಸುವ ಕಸುಬಿನಲ್ಲಿ ನನ್ನನ್ನು ಎಲ್ಲರೂ ಕ್ರೇನು ಎಂದು ಕರೆಯುವುದು ಸುಮ್ಮನೆ ಅಲ್ಲ. ನಂಬದವರು ನನ್ನ ಹೆಂಡತಿಯನ್ನು ಕೇಳಬೇಡಿ. ನಂಬದವರ ಸಂಘಕ್ಕೆ ಅವಳೇ ಅಧ್ಯಕ್ಷೆ.

ಇಂಥ ಬೆನ್ನು ಒಂದು ದಿನ ಖಾಲಿ ಮೇಜಿನ ಡ್ರಾಯರ್ ಎತ್ತುವಾಗ ಕಟಕ್ಕೆಂದಿತು. ಸದ್ದಿಗೆ ಪಕ್ಕದ ಬೀದಿಯವರು ಲಾರಿ ಟೈರು ಸಿಡಿಯಿತೆಂದು ಓಡಿಬಂದರು. ಬೆನ್ನಿನ ಡಾಕ್ಟರು ಸ್ಕ್ಯಾನಿನ ಫೋಟೋವನ್ನು ದೀಪಕ್ಕೆ ಹಿಡಿದು, ಮೂಳೆಗಳ ನಡುವಿನ ಡಿಸ್ಕು ಜರುಗಿ ನರ ಒತ್ತುತ್ತಿದೆ, ಆಪರೇಷನ್ ಆಗಬೇಕು, ಹಲ್ಲು ಕೀಳಿಸಿಕೊಂಡಷ್ಟೇ ಸಲೀಸು ಎಂದರು. ಯಾರ ಹಲ್ಲು ಎಂದು ನಾನು ಕೇಳಲಿಲ್ಲ.

ಆಸ್ಪತ್ರೆಯೆಂದರೆ ಆಸ್ಪತ್ರೆ. ಕೆಳಗಿನ ಹಜಾರದಲ್ಲಿ ಗಾಜಿನ ತೊಟ್ಟಿ, ಅದರಲ್ಲಿ ಬಣ್ಣದ ಮೀನು. ಮೀನುಗಳನ್ನು ನೋಡಿಕೊಳ್ಳುವುದಕ್ಕೇ ಒಬ್ಬ ಮನುಷ್ಯನಿದ್ದ. ನಮ್ಮ ವಾರ್ಡಿನ ಯೋಗ್ಯತೆಗೆ ಅಷ್ಟೂ ಇರಲಿಲ್ಲ. ಆಪರೇಷನ್ ಆಗಿ ಮನೆಗೆ ಬಂದ ಮೇಲೆ ಎಡಗಾಲಿನ ಪಾದ ಮೇಲಕ್ಕೇ ಏಳದು. ಚಪ್ಪಲಿ ನನಗಿಂತ ಹಿಂದೆ ಉಳಿಯುತ್ತಿತ್ತು. ಕೇಳಲು ಹೋದರೆ, ಇದೆಲ್ಲ ನಿರೀಕ್ಷಿತ ಎಂದರು. ಆಪರೇಷನ್ನಿಗೆ ಮುಂಚೆ ಯಾರೊಬ್ಬರೂ ನಿರೀಕ್ಷಿಸಿರಲಿಲ್ಲ. ಆದಮೇಲೆ ನೋಡಿದರೆ ಎಲ್ಲರೂ ಮೊದಲಿನಿಂದ ಇದನ್ನೇ ನಿರೀಕ್ಷಿಸುತ್ತ ಕೂತಿದ್ದರಂತೆ.

ಪರಿಹಾರ ಕೇಳಿ ಕೇಸು ಹಾಕಿದೆವು. ಅದು ಬಂದರೆ ದೊಡ್ಡ ನರತಜ್ಞರ ಹತ್ತಿರ ಚಿಕಿತ್ಸೆ, ಬರದಿದ್ದರೆ ನಮ್ಮಿಬ್ಬರ ಹೊಟ್ಟೆಪಾಡೂ ಹೆಂಡತಿಯ ಹೊಲಿಗೆ ಯಂತ್ರದ ಮೇಲೆ. ಅವಳಾಗಲೇ ಒಂದು ಶಾಲೆಯ ಪೂರ್ತಿ ಸಮವಸ್ತ್ರ ಹೊಲಿಯಲು ಒಪ್ಪಿಕೊಂಡು ಕಣ್ಣು ಕೆಂಪು ಮಾಡಿಕೊಂಡಿದ್ದಳು.

ನಮ್ಮ ವಕೀಲಮ್ಮ ಸಣ್ಣ ವಯಸ್ಸಿನ ಹುಡುಗಿ, ಆಫೀಸು ಜೆರಾಕ್ಸ್ ಅಂಗಡಿಯ ಮೇಲೆ. ಅವಳು ಮಾತಾಡಿದಾಗಲೆಲ್ಲ ಕೆಳಗಿನ ಯಂತ್ರ ಗರ್ರೆಂದು ಹೂಂಗುಟ್ಟುತ್ತಿತ್ತು.

“ಅಣ್ಣಾ, ಕಾಲು ಎಳೆಯೋದು ಮುಂಚೇನೇ ಇತ್ತು ಅಂತ ಅವರು ವಾದ ಮಾಡ್ತಾರೆ. ಆಪರೇಷನ್ ಆದ್ಮೇಲೆ ಹೊಸದಾಗಿ ಏನು ಬಂತು, ಅದನ್ನ ಹೇಳಿ. ನಾಚಿಕೆ ಪಟ್ಕೋಬೇಡಿ.”

ನಾಚಿಕೆಯೇ, ನನಗೇ? ಹೇಳಲು ಶುರು ಮಾಡಿದೆ. ಸೀನಿದರೆ ಮೂರು ಮೊಳ ಹಿಂದಕ್ಕೆ ಹಾರುತ್ತೇನೆ. ಕುತ್ತಿಗೆ ತಿರುಗದು, ಹಿಂದಿನಿಂದ ಕರೆದವರನ್ನು ನೋಡಲು ಬೀದಿ ಸುತ್ತಿ ಬರಬೇಕು. ಬಲಗಿವಿ ಮಂದ. ಲೋಟ ನೀರು ಎತ್ತಿದರೆ ತಲೆಯೊಳಗೆ ಗುಡುಗು. ಹೆಂಡತಿ ಪಕ್ಕದಲ್ಲಿ ಎರಡು ಸಲ ಕೆಮ್ಮಿದಳು. ಅದನ್ನು ಮೆಚ್ಚುಗೆ ಎಂದುಕೊಂಡು ಇನ್ನಷ್ಟು ಸೇರಿಸಿದೆ. ವಕೀಲಮ್ಮ ಬರೆದದ್ದರಲ್ಲಿ ಮುಕ್ಕಾಲು ಹೊಡೆದುಹಾಕಿದಳು. ಹಾಗಿದ್ದರೂ, ಬಗ್ಗಲಾಗದು, ಲೋಟವನ್ನೂ ಎತ್ತಲಾಗದು ಎಂಬುದು ಹೇಗೋ ಅರ್ಜಿಯಲ್ಲಿ ಉಳಿದುಕೊಂಡಿತು.

ವಿಚಾರಣೆಯ ದಿನ ಸಾಕ್ಷಿಕಟ್ಟೆಯಲ್ಲಿ ನಿಂತು ನಾನು ನರಳಿದ ನರಳಾಟಕ್ಕೆ ಗೋಡೆಯ ಗಡಿಯಾರವೂ ಒಂದು ಗಳಿಗೆ ನಿಂತಿತು. ಎಲ್ಲವೂ ಸೊಗಸಾಗಿ ನಡೆದಿತ್ತು, ಆ ಇಬ್ಬರು ಜವಾನರು ಬರುವವರೆಗೆ. ಕಡತದ ಬೀರುವೊಂದನ್ನು ಪಕ್ಕದ ಕೋಣೆಯಿಂದ ಒಳಗೆ ತರುತ್ತಿದ್ದರು. ತರುತ್ತಿದ್ದರು ಎನ್ನುವುದು ದೊಡ್ಡ ಮಾತು, ಬಾಗಿಲಿಗೆ ಗುದ್ದಿಸುತ್ತಿದ್ದರು. ಬೀರುವನ್ನು ನೆಟ್ಟಗೆ ನಿಲ್ಲಿಸಿಕೊಂಡು ನೂಕುತ್ತಾರೆ, ಮೇಲಿನ ಅಂಚು ಚೌಕಟ್ಟಿಗೆ ತಗಲುತ್ತದೆ, ಮತ್ತೆ ನೂಕುತ್ತಾರೆ. ಇಡೀ ಜನ್ಮ ಈ ಕೆಲಸ ಮಾಡಿದವನು ಎಷ್ಟೆಂದು ಸಹಿಸಬೇಕು? ಓರೆ ಮಾಡಬೇಕು, ಕಾಲಿನ ಕಡೆಯನ್ನು ಮೊದಲು ಒಳಗೆ ಬಿಡಬೇಕು, ತಲೆಯ ಕಡೆ ಹೆಗಲು ಕೊಡಬೇಕು. ಇಷ್ಟು ತಿಳಿಯದವರಿಗೆ ಸಂಬಳ ಬೇರೆ.

ನಾನು ಕಟ್ಟೆಯಿಂದ ಇಳಿದದ್ದು ನನಗೇ ಗೊತ್ತಾಗಲಿಲ್ಲ. ಕಾಲೆಳೆಯುತ್ತ ಹೋದೆ, ಬಗ್ಗಿದೆ, ಹೆಗಲು ಕೊಟ್ಟೆ. ಬೀರು ಬೆಣ್ಣೆಯಂತೆ ಒಳಗೆ ಜಾರಿತು. ಜವಾನರು ಬಾಯಿ ತೆರೆದುಕೊಂಡು ನಿಂತರು. ಅದೇ ಹೊತ್ತಿಗೆ ಪಕ್ಕದ ಮೇಜಿನ ಮೇಲಿದ್ದ ನೀರಿನ ಜಗ್ಗು ನನ್ನ ಕೈ ತಾಗಿ ಮಗುಚಿ ಪ್ಯಾಂಟೆಲ್ಲ ಒದ್ದೆಯಾಯಿತು. ವೀರಾವೇಶದಲ್ಲಿ ಅಷ್ಟೆಲ್ಲ ಆಗುವುದೇ.

ಆಸ್ಪತ್ರೆಯ ವಕೀಲರ ಮುಖದಲ್ಲಿ ಮದುವೆ ಮನೆಯ ಕಳೆ. ಲೋಟ ಎತ್ತಲಾಗದ ಮನುಷ್ಯನನ್ನು ಎಲ್ಲರೂ ಕಣ್ತುಂಬ ನೋಡಿದ್ದಾರೆ, ತಾವು ಕೇಳಬೇಕಾದ್ದು ಇನ್ನೇನೂ ಇಲ್ಲ ಎಂದು ನಯವಾಗಿ ಹೇಳಿ ಕೂತರು. ವಕೀಲಮ್ಮ ಹಣೆಗೆ ಕೈ ಹಚ್ಚಿದಳು. ನ್ಯಾಯಾಧೀಶರು ಕನ್ನಡಕ ತೆಗೆದು, ನಿಮ್ಮ ದೂರಿನಲ್ಲಿ ನಿಜವಾದದ್ದು ಒಂದಾದರೂ ಇದೆಯೇ, ಇಲ್ಲದಿದ್ದರೆ ಇಲ್ಲಿಗೇ ಮುಗಿಸುತ್ತೇನೆ ಎಂದರು.

ಬೀರುವಿನೊಳಗಿನ ಗುರುತ್ವಾಕರ್ಷಣೆ ನನ್ನನ್ನು ಸೆಳೆಯಿತು ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಹೆಂಡತಿ ಎದ್ದು ನಿಂತಳು.

“ಸ್ವಾಮಿ, ಆ ಜಗ್ಗು ಕೈ ತಾಗಿ ಬಿದ್ದಿದ್ದಲ್ಲ. ಇವರೇ ಬೇಕಂತ ಮೈಮೇಲೆ ಸುರ್ಕೊಂಡ್ರು.” ಆಮೇಲೆ ನನ್ನ ಕಡೆ ತಿರುಗಿದಳು. “ರೀ, ನೀವು ಹೇಳ್ತೀರೋ, ನಾನು ಹೇಳ್ಲೋ?”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಏನಾದರೂ ಕತೆ ಕಟ್ಟುತ್ತಿದ್ದೆ.

“ಪ್ಯಾಂಟು ಅದಕ್ಕೆ ಮುಂಚೇನೇ ಒದ್ದೆಯಾಗಿತ್ತು, ಸ್ವಾಮಿ” ಎಂದೆ. “ಭಾರ ಎತ್ತಿದ್ರೆ ಆಗತ್ತೆ. ಎತ್ತದಿದ್ರೂ ಆಗತ್ತೆ. ಬಂದಿದ್ದೇ ಗೊತ್ತಾಗಲ್ಲ. ಆಪರೇಷನ್ ಆದಾಗಿಂದ ಹೀಗೇ.”

ಸೀನು, ಕಿವಿ, ಗುಡುಗು ಎಲ್ಲ ಸುಳ್ಳೆಂದೂ ಹೇಳಿದೆ. ಕಾಲು ನಿಜ, ಇದು ನಿಜ. ಎಷ್ಟು ಸಲ ಬಟ್ಟೆ ಬದಲಿಸುತ್ತೇನೆಂಬುದು ಇವಳೊಬ್ಬಳಿಗೆ ಗೊತ್ತು.

ವಕೀಲಮ್ಮ ಕುರ್ಚಿಯಿಂದ ಎದ್ದೇಬಿಟ್ಟಿದ್ದಳು. ಹೀಗೆ ಮೂತ್ರದ ಹಿಡಿತ ತಪ್ಪುವುದು ಬೆನ್ನಿನ ಕೆಳಗಿನ ನರಗಳು ನಲುಗಿದ ಗುರುತು, ಆಗಲೇ ಕಂಡುಹಿಡಿದು ಮತ್ತೆ ಆಪರೇಷನ್ ಮಾಡಿದ್ದರೆ ಉಳಿಸಬಹುದಿತ್ತು, ಆಸ್ಪತ್ರೆಯ ಕಾಗದದಲ್ಲಿ ಇದರ ಬಗ್ಗೆ ಒಂದಕ್ಷರವೂ ಇಲ್ಲ ಎಂದು ಏದುಸಿರು ಬಿಡುತ್ತ ವಾದಿಸಿದಳು. ಮೊದಲ ಸಲ ಆಸ್ಪತ್ರೆಯ ವಕೀಲರು ಬೆವರು ಒರೆಸಿಕೊಂಡರು. ನಂತರ ನನ್ನನ್ನೇ ಕೇಳಿದರು: ಆಸ್ಪತ್ರೆಯಲ್ಲಿ ಇದನ್ನು ಯಾರಿಗಾದರೂ ಹೇಳಿದ್ದಿರಾ?

ಹೂಂ ಎಂದರೆ ಸಾಕಿತ್ತು. ಇಲ್ಲವೆನ್ನಲು ಅವರ ಬಳಿ ಚೂರು ಕಾಗದವಿರಲಿಲ್ಲ. ವಕೀಲಮ್ಮ ಉಸಿರು ಹಿಡಿದಿದ್ದಳು. ಇಷ್ಟು ದಿನ ಬೇಡದ ಕಡೆಯೆಲ್ಲ ಸುಳ್ಳು ಚೆಲ್ಲಿದವನಿಗೆ ಬೇಕಾದ ಒಂದು ಸುಳ್ಳು ಗಂಟಲಿನಿಂದ ಹೊರಡಲಿಲ್ಲ. ಹೆಂಡತಿ ಇನ್ನೂ ನಿಂತೇ ಇದ್ದಳು.

“ಇಲ್ಲ” ಎಂದೆ. “ಡಾಕ್ಟ್ರು ಮಾರನೇ ದಿನ ಬೆಳಿಗ್ಗೆ ಬಂದಿದ್ರು. ಜೊತೆಗೆ ಕಲಿಯೋ ಹುಡುಗ ಹುಡುಗೀರು ಒಂದು ಹಿಂಡು. ಬಾಗಿಲಲ್ಲೇ ನಿಂತು, ಎಲ್ಲ ಸರಿಯಾಗಿ ಆಗ್ತಿದೆ ತಾನೆ ಅಂದ್ರು. ಅಷ್ಟು ಜನರ ಮುಂದೆ ಹೇಗೆ ಹೇಳ್ಲಿ? ಫಸ್ಟ್ ಕ್ಲಾಸ್ ಅಂದೆ. ಅವರು ಹೊದಿಕೆ ಎತ್ತಿ ನೋಡ್ಲಿಲ್ಲ, ಮುಂದಿನ ಮಂಚಕ್ಕೆ ಹೋದ್ರು. ಹಾಸಿಗೆ ಪೂರ್ತಿ ಒದ್ದೆಯಾಗಿತ್ತು, ಸ್ವಾಮಿ.”